ಮನೆ ಆರೈಕೆಯ ಆಯಾ, ನರ್ಸ್, ವಾರ್ಡ್‌ಬಾಯ್‌ಗಳ ಬರ್ನ್‌ಔಟ್: ಮೂರನೇ ತಿಂಗಳಿಗೆ ಕೆಲಸ ಬಿಡುವುದು ಯಾಕೆ?

ಮುಲುಂಡ್ ಸೊಸೆ
ಮುಂಬೈ ಕಡೆ ಹಾಸಿಗೆ ಹಿಡಿದ ಹಿರಿಯರಿಗೆಂದು ಬ್ಯೂರೋದಿಂದ, ಅಂದರೆ ಮನೆಗೆ ಆಳು ಕಳುಹಿಸುವ ಏಜೆನ್ಸಿಯಿಂದ, ಆಯಾ ಇಟ್ಟುಕೊಂಡ ಮನೆಗಳಲ್ಲಿ ಒಂದೇ ಮಾತು: "ಎರಡು ತಿಂಗಳು ಚೆನ್ನಾಗಿ ನೋಡಿಕೊಂಡಳು, ಆಮೇಲೆ ಏನಾಯಿತೋ." ಅಜ್ಜಿಯ ಜೊತೆ ಹರಟುತ್ತಿದ್ದವಳು ಬಾಯಿ ಮುಚ್ಚುತ್ತಾಳೆ. ಸ್ಪಂಜ್ ಬಾತ್ ಐದು ನಿಮಿಷಕ್ಕೆ ಮುಗಿಯುತ್ತದೆ. ಒಂದು ಸೋಮವಾರ ಫೋನ್ ಸ್ವಿಚ್ ಆಫ್. ಮನೆಯವರು ಬ್ಯೂರೋವನ್ನು ಬೈಯುತ್ತಾರೆ, ಬ್ಯೂರೋದವರು ಹುಡುಗಿಯನ್ನು ಬೈಯುತ್ತಾರೆ, ಹೊಸಬಳು ಬರುತ್ತಾಳೆ, ಅದೇ ಕಥೆ.

ಇದು ಕಳ್ಳಾಟವೋ ದಣಿವೋ ಅಂತ ತಿಳಿಯುವುದು ಹೇಗೆ? ಮನೆಯವರ ಕೈಯಲ್ಲಿ ಆಗುವುದೇನು? ವಾರಕ್ಕೊಂದು ರಜೆ ಕೊಟ್ಟರೆ ಆ ದಿನ ಪೇಷಂಟ್ ಯಾರ ಪಾಲು? "ನಮ್ಮ ಮನೆಯಲ್ಲಿ ಹೀಗಾಯ್ತು" ಎನ್ನುವ ಪುರಾಣ ದಯವಿಟ್ಟು ಬೇಡ. ಕೆಲಸ ಗೊತ್ತಿದ್ದವರು ಮಾಡಲು ಬರುವಂಥದ್ದನ್ನು ಹೇಳಿ.

ಗೋರೆಗಾಂವ್ ಜಿಎನ್‌ಎಂ
ನಾನು ಜಿಎನ್‌ಎಂ, ಅಂದರೆ ಡಿಪ್ಲೊಮಾ ಓದಿದ ನರ್ಸ್. ಮೊದಲು ಹೆಸರಿನ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಎಂದಲ್ಲ, ಕೆಲಸದಿಂದ ಹುಟ್ಟುವ ಸ್ಥಿತಿ ಎಂದು ಬರೆಯಿತು. ಮೂರು ಲಕ್ಷಣ ಕೊಟ್ಟಿದೆ: ತ್ರಾಣವೇ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, "ನಾನು ಮಾಡಿದ್ದರಿಂದ ಏನೂ ಆಗುತ್ತಿಲ್ಲ" ಅನ್ನಿಸುವುದು. ಮನೆ ಆರೈಕೆಯಲ್ಲಿ ಮೂರನೆಯದು ಬೇಗ ಬರುತ್ತದೆ. ಆಸ್ಪತ್ರೆಯಲ್ಲಿ ಪೇಷಂಟ್ ಗುಣವಾಗಿ ಹೋಗುವುದನ್ನು ಕಾಣಬಹುದು. ಮನೆಯಲ್ಲಿರುವುದು ಹೆಚ್ಚಾಗಿ ಡಿಮೆನ್ಷಿಯಾ, ಪಾರ್ಕಿನ್ಸನ್ಸ್, ಹಳೇ ಲಕ್ವಾ. ಎಷ್ಟು ಚೆನ್ನಾಗಿ ನೋಡಿಕೊಂಡರೂ ಪೇಷಂಟ್ ಕೆಳಕ್ಕೇ ಇಳಿಯುತ್ತಾರೆ.

ಗುರುತು ಹಿಡಿಯಲು ಅಳುವುದನ್ನು ಕಾಯಬೇಡಿ, ನೋಟ್‌ಬುಕ್ ನೋಡಿ. ಬಿಪಿ ಕಾಲಂನಲ್ಲಿ ನಾಲ್ಕು ದಿನ ಸತತ 120/80 ಅಂತಿದ್ದರೆ ಅಳೆದಿಲ್ಲ, ಬರೆದಿದ್ದಾಳೆ. ಮೂತ್ರದ ಅಳತೆ ಎಲ್ಲ ದಿನ 1000 ಎಂ.ಎಲ್. ದುಂಡಗೆ ಇದ್ದರೆ ಅದೂ ಅಷ್ಟೇ. ಪೇಷಂಟನ್ನು ಹೆಸರು ಹಿಡಿದು ಅಥವಾ ಆಜಿ (ಮರಾಠಿಯಲ್ಲಿ ಅಜ್ಜಿ) ಎಂದು ಕರೆಯುತ್ತಿದ್ದವಳು "ಇದಕ್ಕೆ ಊಟ ಆಯ್ತು" ಅಂದರೆ ಅದು ಎರಡನೇ ಲಕ್ಷಣ. ಕಳ್ಳಾಟದವಳಿಗೂ ದಣಿದವಳಿಗೂ ವ್ಯತ್ಯಾಸ ಇಷ್ಟೇ: ಕಳ್ಳಾಟ ಮೊದಲ ವಾರದಿಂದಲೇ ಇರುತ್ತದೆ, ದಣಿವು ಒಳ್ಳೆಯ ಕೆಲಸ ಮಾಡಿ ತೋರಿಸಿದ ಮೇಲೆ ಬರುತ್ತದೆ.

ಬರ್ನ್‌ಔಟ್ ಅಂತ ಹಣೆಪಟ್ಟಿ ಹಚ್ಚುವ ಮುನ್ನ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್ ತಿಳಿಸುವ ಟಿಎಸ್‌ಎಚ್, ಸಕ್ಕರೆ, ಬಿ12. ಗರ್ಭಿಣಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 8 ಇಟ್ಟುಕೊಂಡು ಕುರ್ಲಾ ಸ್ಟೇಷನ್ ಮೆಟ್ಟಿಲು ಹತ್ತಿ ಬರುವವಳಿಗೆ ರಜೆಗಿಂತ ಮೊದಲು ಕಬ್ಬಿಣದ ಮಾತ್ರೆ ಬೇಕು. ಇನ್ನೊಂದು, ಬರ್ನ್‌ಔಟ್ ಆದವರು ರಜೆಯ ದಿನ ಸ್ವಲ್ಪವಾದರೂ ಅರಳುತ್ತಾರೆ. ಊರಿಗೆ ಹೋದರೂ, ಮಕ್ಕಳ ಮುಖ ನೋಡಿದರೂ ಏನೂ ಅನ್ನಿಸದೆ ಎರಡು ವಾರ ಕಳೆದರೆ ಅದು ಖಿನ್ನತೆ ಇರಬಹುದು, ಡಾಕ್ಟರ್ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಮಹಾರಾಷ್ಟ್ರದಲ್ಲಿ ಕೂತು ಮರಾಠಿಯಲ್ಲಿ ದುಃಖ ಹೇಳಿಕೊಳ್ಳಲು ಬಾರದವರಿಗೆ ಇದು ಸಣ್ಣ ಸಂಗತಿಯಲ್ಲ.

ಡೊಂಬಿವಲಿ ಬ್ಯೂರೋ
ಲಕ್ಷಣ ಸರಿ ಮೇಡಂ, ಆದರೆ ಮೂಲ ಗಂಟೆಯ ಲೆಕ್ಕದಲ್ಲಿದೆ. ವಾರಕ್ಕೆ 168 ಗಂಟೆ. ಎಡೆಬಿಡದೆ ಆರೈಕೆ ಬೇಕಾದ ಪೇಷಂಟ್‌ಗೆ ಹಗಲೊಬ್ಬಳು, ರಾತ್ರಿಯೊಬ್ಬಳು, ರಜೆ ಇಲ್ಲ ಅಂದರೆ ಒಬ್ಬೊಬ್ಬಳಿಗೆ 84 ಗಂಟೆ. ಮೂವರಿದ್ದರೆ 56. ನಾಲ್ವರಿದ್ದರೆ 42. ಕಾರ್ಖಾನೆಯ ಕೂಲಿಗೆ ವಾರಕ್ಕೆ 48 ಗಂಟೆ ಅಂತ ಕಾನೂನು ಮಾಡಿಟ್ಟ ದೇಶದಲ್ಲಿ ನಮ್ಮ ಹುಡುಗಿಯರು 84 ದುಡಿಯುತ್ತಾರೆ. ಅದೂ ಪ್ರಯಾಣ ಬಿಟ್ಟು. ಬದಲಾಪುರದಿಂದ ದಾದರ್‌ಗೆ ಬಂದು ಹೋಗುವವಳಿಗೆ ದಿನಕ್ಕೆ ಮೂರು ಗಂಟೆ ಸೇರಿಸಿದರೆ 105. ಇದಕ್ಕೆ "ಪಾಸಿಟಿವ್ ಆಗಿರಿ" ಅನ್ನುವ ತರಬೇತಿ ಕೊಟ್ಟು ಏನು ಪ್ರಯೋಜನ?

24 ಗಂಟೆ ಡ್ಯೂಟಿ ಇನ್ನೂ ಕೆಟ್ಟದ್ದು. ಲೆಕ್ಕಕ್ಕೆ ಅಂತ ತೆಗೆದುಕೊಳ್ಳಿ, 12 ಗಂಟೆಗೆ ₹900 ಅಂದರೆ ಗಂಟೆಗೆ ₹75. ಅದೇ ಮನೆಯಲ್ಲಿ ಉಳಿದುಕೊಂಡರೆ 24 ಗಂಟೆಗೆ ₹1,200. ಗಂಟೆಗೆ ₹50 ಆಯ್ತು. "ಊಟ, ಜಾಗ ಕೊಡ್ತೇವಲ್ಲ" ಅಂತಾರೆ. ಜಾಗ ಅಂದರೆ ಪೇಷಂಟ್ ಮಂಚದ ಪಕ್ಕ ನೆಲದ ಮೇಲೊಂದು ಗಾದಿ.

ರಜೆ ಕೊಟ್ಟರೆ ಎಷ್ಟು ಖರ್ಚು? ಆರು ದಿನ ದುಡಿದವಳಿಗೆ ಏಳು ದಿನದ ಪಗಾರ ಅಂದರೆ ಆರನೇ ಒಂದು ಭಾಗ ಹೆಚ್ಚು. ₹900 ಇದ್ದದ್ದು ₹1,050 ಆಗುತ್ತದೆ. ಮನೆಯವರಿಗೆ ಇದನ್ನು ಮೊದಲ ದಿನವೇ ಹೇಳಬೇಕು. ನಡುವೆ ಹೇಳಿದರೆ ರೇಟು ಏರಿಸಿದರು ಅನ್ನುತ್ತಾರೆ. ರಜೆಯ ದಿನ ಬದಲಿಯಾಗಿ ಬರಲು ಮೂರು ಮನೆಗೆ ಒಬ್ಬಳು ಸಾಕು: ಮೂರು ಮನೆ, ವಾರಕ್ಕೆ ಎರಡೆರಡು ಪಾಳಿಯ ರಜೆ, ಒಟ್ಟು ಆರು ಪಾಳಿ. ಸೋಮ, ಮಂಗಳ, ಬುಧ ಹಗಲು, ಗುರುವಾರದಿಂದ ಮೂರು ರಾತ್ರಿ, ಭಾನುವಾರ ಅವಳ ರಜೆ. ಮನೆಗಳು ಒಂದೇ ಕಡೆ ಇರಬೇಕು. ಒಂದು ಠಾಣೆ, ಒಂದು ಅಂಧೇರಿ ಆದರೆ ಬದಲಿಯವಳೇ ಮೊದಲು ಓಡಿಹೋಗುತ್ತಾಳೆ.

ಗೋರೆಗಾಂವ್ ಜಿಎನ್‌ಎಂ
ಬ್ಯೂರೋ ಅಣ್ಣ, ನಿಮ್ಮ ಬದಲಿಯವಳು ಶನಿವಾರ ರಾತ್ರಿಪಾಳಿ ಮುಗಿಸಿ ಭಾನುವಾರ ಬೆಳಿಗ್ಗೆ 8ಕ್ಕೆ ಹೊರಬೀಳುತ್ತಾಳೆ, ಸೋಮವಾರ ಬೆಳಿಗ್ಗೆ 8ಕ್ಕೆ ಮತ್ತೆ ಹಾಜರು. ಅದು ರಜೆಯಲ್ಲ, ನಿದ್ದೆಗೆಟ್ಟು ಕಳೆದ ಭಾನುವಾರ. ಪ್ರತಿ ವಾರ ರಾತ್ರಿಯಿಂದ ಹಗಲಿಗೆ ದೇಹ ತಿರುಗಿಸುವುದು ಕಾಯಂ ರಾತ್ರಿಪಾಳಿಗಿಂತಲೂ ಹೆಚ್ಚು ಹಿಂಸೆ. ಮೂರು ಮನೆ ಬದಲು ಆರು ಮನೆ ಸೇರಿಸಿ, ಇಬ್ಬರು ಬದಲಿ ಇಡಿ. ಒಬ್ಬಳು ಆರು ಮನೆಯ ಹಗಲು ರಜೆ ಮಾತ್ರ ತುಂಬಲಿ, ಇನ್ನೊಬ್ಬಳು ರಾತ್ರಿ ಮಾತ್ರ. ಲೆಕ್ಕ ಅದೇ, 12 ಜನಕ್ಕೆ 2. ಯಾರ ದಿನವೂ ತಿರುಗುವುದಿಲ್ಲ.

ಡೊಂಬಿವಲಿ ಬ್ಯೂರೋ
ಒಪ್ಪಿದೆ. ಹೀಗೆ ಬರೆದದ್ದನ್ನು ಗೋಡೆಗೆ ಅಂಟಿಸಬೇಕು. ಒಂದು ಸೇರಿಸುತ್ತೇನೆ: ಸೆಂಟ್ರಲ್ ಲೈನಿನಲ್ಲಿ ಭಾನುವಾರ ರಜೆ ಬರೆಯಬೇಡಿ. ಹಳಿ ದುರಸ್ತಿಗೆಂದು ಲೋಕಲ್ ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ಇದ್ದರೆ ಬದಲಿಯವಳು ತಡವಾಗಿ ಬರುತ್ತಾಳೆ, ರಜೆಯವಳು ಕಾದು ಕಾದು ಮಧ್ಯಾಹ್ನ ಹೊರಡುತ್ತಾಳೆ, ಅರ್ಧ ರಜೆ ಅಲ್ಲೇ ಹೋಯಿತು. ಮಂಗಳವಾರವೋ ಬುಧವಾರವೋ ಇಡಿ. ಜುಲೈ, ಆಗಸ್ಟಿನಲ್ಲಿ ಕುರ್ಲಾ, ಸಾಯನ್ ನಡುವೆ ನೀರು ನಿಂತು ಗಾಡಿ ಬಂದ್ ಆದರೆ 12 ಗಂಟೆಯ ಡ್ಯೂಟಿ 36 ಆಗಿಬಿಡುತ್ತದೆ. ಅದಕ್ಕೆ ಮೊದಲೇ ಒಪ್ಪಂದದಲ್ಲಿ ಒಂದು ಸಾಲು ಬೇಕು: ಬದಲಿ ಬಾರದಿದ್ದರೆ ಮನೆಯವರಲ್ಲಿ ಯಾರು ರಾತ್ರಿ 11ರಿಂದ 5ರ ತನಕ ಪೇಷಂಟ್ ಬಳಿ ಮಲಗುತ್ತಾರೆ, ಹೆಚ್ಚುವರಿ ಪಾಳಿಗೆ ಎಷ್ಟು ದುಡ್ಡು, ಮರುದಿನ ರಜೆಯೋ ಇಲ್ಲವೋ.

ಹಡಪ್ಸರ್ ವಾರ್ಡ್‌ಬಾಯ್
ಪುಣೆದಾಗ ವಿಜಯಪುರ, ಕಲಬುರಗಿ ಕಡೆ ಹುಡುಗೂರು ಭಾಳ ಮಂದಿ ಈ ಕೆಲಸದಾಗ ಅದಾರ. ಗಂಡಸು ಪೇಷಂಟ್ ಅಂದ್ರ 24 ತಾಸ ಡ್ಯೂಟಿನ ಕೇಳ್ತಾರ. ತಾಸಿನ ಲೆಕ್ಕ ಮ್ಯಾಲೆ ಹೇಳ್ಯಾರ, ನಾನು ಬರೇ ಸಣ್ಣ ಸಣ್ಣ ಮಾತು ಹೇಳ್ತೀನಿ, ಯಾಕಂದ್ರ ಮನಷ್ಯಾ ಸಣ್ಣ ಮಾತಿಗೇ ಬ್ಯಾಸತ್ತು ಹೋಗ್ತಾನ.

ಸಂಡಾಸ. ಕೆಲವು ಮನಿಯಾಗ ಆಳಿಗೆ ಒಳಗಿನ ಸಂಡಾಸ ಬಳಸಾಕ ಬಿಡಂಗಿಲ್ಲ, ಕೆಳಗ ವಾಚ್‌ಮನ್ ಕಡಿ ಹೋಗು ಅಂತಾರ. ಪೇಷಂಟ್ ಬಿಟ್ಟು ಹೋಗಾಕ ಬರಂಗಿಲ್ಲ. ಹಂಗಾಗಿ ನೀರ ಕುಡಿಯೋದು ಬಿಡ್ತಾರ. ಮುಂದ ಉರಿಮೂತ್ರ, ತಲಿನೋವು, ಸಿಟ್ಟು. ಡ್ಯೂಟಿ ಹಿಡಿಯೋ ಮುಂಚೆ ಇದನ್ನ ಕೇಳ್ಬೇಕು, ನಾಚಿಕಿ ಬ್ಯಾಡ: ಸಂಡಾಸ ಯಾವುದು, ಊಟ ಯಾರ್ದು, ಎಷ್ಟೊತ್ತಿಗೆ, ಮಲಗೋದು ಎಲ್ಲಿ, ಫೋನ್ ಚಾರ್ಜ್ ಎಲ್ಲಿ.

ಊಟ. ಮನಿಯವರು ಎರಡು ಗಂಟಿಗೆ ಉಂಡು ಉಳಿದಿದ್ದು ಮೂರಕ್ಕ ಕೊಡ್ತಾರ. ಪೇಷಂಟ್ ಫೀಡ್ ಮಾತ್ರ ಮಿನಿಟಿಗೆ ಮಿನಿಟಿಗೆ ಆಗ್ಬೇಕು. ಒಂದೂವರೆಗೆ ಅರ್ಧ ತಾಸು, ಅಷ್ಟೊತ್ತು ಮನಿ ಮಂದಿ ಒಬ್ರು ಪೇಷಂಟ್ ಕಡಿ ಕೂಡ್ಬೇಕು. ಕೂತು ಉಣ್ಣಾಕ ಬಿಡ್ಬೇಕು.

ಮತ್ತ ಕೆಲಸ ಬೆಳಿಯೋದು. ಮೊದಲ ದಿನ "ಬರೇ ಅಜ್ಜಾರನ್ನ ನೋಡ್ಕೋ." ಹತ್ತನೇ ದಿನ ಹಾಲು ತಾ, ಹದಿನೈದಕ್ಕ ಭಾಂಡಿ ತಿಕ್ಕು, ತಿಂಗಳಿಗೆ ಕಾರ್ ತೊಳಿ. ಕೆಲಸ ಜಾಸ್ತಿ ಆತು ಅಂತ ಅಷ್ಟ ಅಲ್ರಿ, ಬ್ಯಾಡ ಅಂದ್ರ ಡ್ಯೂಟಿ ಹೋಗ್ತದ ಅನ್ನೋ ಅಂಜಿಕಿ ದಿನಾ ಇರ್ತದಲ್ಲ, ಅದು ತಿಂತದ. ಪೇಷಂಟ್ ಬಟ್ಟಿ, ಪೇಷಂಟ್ ಭಾಂಡಿ, ಪೇಷಂಟ್ ಖೋಲಿ, ಇಷ್ಟು ನಮ್ಮದು ಅಂತ ಬ್ಯೂರೋ ಬರದು ಕೊಟ್ರ ಜಗಳಿಲ್ಲ.

ಮುಲುಂಡ್ ಸೊಸೆ
ಸಂಡಾಸದ ಮಾತು ಓದಿ ತಲೆ ತಗ್ಗಿಸಬೇಕಾಯ್ತು. ರಾತ್ರಿಯ ಬಗ್ಗೆ ಕೇಳುತ್ತೇನೆ: ಬೆನ್ನಹುಣ್ಣು ಆಗದಂತೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ ಅಂತ ಡಾಕ್ಟರ್ ಹೇಳಿರುತ್ತಾರೆ. ಒಬ್ಬಳೇ ಇರುವ ಮನೆಯಲ್ಲಿ ಅವಳು ನಿದ್ದೆ ಮಾಡುವುದು ಯಾವಾಗ?

ಗೋರೆಗಾಂವ್ ಜಿಎನ್‌ಎಂ
ಮಾಡುವುದಿಲ್ಲ. ಅದೇ ತೊಂದರೆ. 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ 17 ಗಂಟೆ ಸತತ ಎಚ್ಚರವಿದ್ದವರ ಚುರುಕು ರಕ್ತದಲ್ಲಿ 0.05% ಮದ್ಯ ಇದ್ದವರಷ್ಟೇ ಇರುತ್ತದೆ. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಮಿತಿ 0.03%. ಕಾರ್ ಕೀ ಕೊಡಲಾಗದ ಸ್ಥಿತಿಯಲ್ಲಿರುವವಳ ಕೈಗೆ ಇನ್ಸುಲಿನ್ ಪೆನ್ ಕೊಡುತ್ತೇವೆ.

ರಾತ್ರಿಯನ್ನು ಕಟ್ಟುವುದು ಹೀಗೆ. ಮೊದಲು ಮಾತ್ರೆಗಳ ಪಟ್ಟಿ ನೋಡಿ. ಕಾಲು ಊತಕ್ಕೆ, ಹೃದಯಕ್ಕೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ ಸಂಜೆ 6ಕ್ಕೆ ಇದ್ದರೆ ರಾತ್ರಿಯಿಡೀ ಡೈಪರ್. ಅದನ್ನು ಬೆಳಿಗ್ಗೆಗೋ ಮಧ್ಯಾಹ್ನ 2ಕ್ಕೋ ತರಬಹುದಾ ಎಂದು ಡಾಕ್ಟರನ್ನು ಕೇಳಿ. ನೀವೇ ಬದಲಿಸಬೇಡಿ, ಕೇಳಿ. ಎಷ್ಟೋ ಮನೆಯಲ್ಲಿ ಆ ಮಾತ್ರೆ ಸಂಜೆಗೆ ಬಂದಿರುವುದು ಯಾರೂ ಯೋಚಿಸಿ ಇಟ್ಟದ್ದಲ್ಲ, ಡಬ್ಬಿಯಲ್ಲಿ ಖಾಲಿ ಇದ್ದ ಖಾನೆಗೆ ಬಿದ್ದದ್ದು. ನೋವಿನ ಮಾತ್ರೆ ಇದ್ದರೆ ಮಲಗುವ ಮುಂಚಿನ ಹೊತ್ತಿಗೆ ಬರುವಂತೆ ಮಾಡಿಸಿ.

ಆಮೇಲೆ ಹಾಸಿಗೆ. ಸಾಮಾನ್ಯ ಗಾದಿಯಲ್ಲಿ ಎರಡು ಗಂಟೆಯ ನಿಯಮವೇ ಸರಿ. ಒಳ್ಳೆಯ ಏರ್ ಬೆಡ್ ಅಥವಾ ದಪ್ಪ ಫೋಮ್ ಇದ್ದು, ಚರ್ಮ ಒಡೆಯದೆ ಚೆನ್ನಾಗಿದ್ದರೆ ರಾತ್ರಿ ಮಾತ್ರ ಮೂರು, ನಾಲ್ಕು ಗಂಟೆಯ ಅಂತರ ಸಾಕಾ ಎಂದು ಡಾಕ್ಟರ್ ಅಥವಾ ನರ್ಸ್ ನೋಡಿ ಹೇಳಬೇಕು. ಪರೀಕ್ಷೆ ಸುಲಭ: ಮಗ್ಗುಲು ಬದಲಿಸಿದಾಗ ಬಾಲದೆಲುಬು, ಹಿಮ್ಮಡಿ, ಸೊಂಟದ ಮೂಳೆ ನೋಡಿ. ಕೆಂಪು ಅರ್ಧ ಗಂಟೆಯಾದರೂ ಹೋಗದಿದ್ದರೆ ಅಂತರ ಹೆಚ್ಚಾಯಿತು, ಹಿಂದಕ್ಕೆ ಬನ್ನಿ. ಏರ್ ಬೆಡ್ ಮೇಲೆ ಮೂರು ಪದರ ಬೆಡ್‌ಶೀಟ್, ರಬ್ಬರ್ ಶೀಟ್, ಮಡಿಸಿದ ಕಂಬಳಿ ಹಾಕಿಟ್ಟರೆ ಅದು ಏರ್ ಬೆಡ್ ಆಗಿ ಉಳಿಯುವುದಿಲ್ಲ. ಒಂದೇ ಪದರ.

ಇಷ್ಟಾದ ಮೇಲೆ 9ಕ್ಕೆ ಕೊನೆಯ ಫೀಡ್. ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹಾಕುವ ಊಟದ ನಳಿಕೆ) ಇದ್ದರೆ ತಲೆಭಾಗ 30ರಿಂದ 45 ಡಿಗ್ರಿ, ಮುಗಿದ ಮೇಲೆ 30 ಎಂ.ಎಲ್. ನೀರು, ಮುಂದೆ ಒಂದು ಗಂಟೆ ಮಲಗಿಸಬಾರದು. 10ಕ್ಕೆ ಹೆಚ್ಚು ಹೀರುವ ಡೈಪರ್, ಮಗ್ಗುಲು. 2ಕ್ಕೆ ಡೈಪರ್, ಮಗ್ಗುಲು ಒಟ್ಟಿಗೆ. 6ಕ್ಕೆ ಮತ್ತೆ. ನಡುವೆ ಮೂರೂವರೆ ಗಂಟೆಯ ಎರಡು ನಿದ್ದೆ. ಪೂರ್ಣ ನಿದ್ದೆಯಲ್ಲ, ಆದರೆ ಎರಡು ಗಂಟೆಗೊಮ್ಮೆ ಏಳುವುದಕ್ಕೂ ಇದಕ್ಕೂ ಅಜಗಜಾಂತರ. ಈ ಮೂರು ಹೊತ್ತಿಗೆ ಎದ್ದೂ ಪೇಷಂಟ್ ನಡುನಡುವೆ ಕರೆಯುತ್ತಲೇ ಇದ್ದರೆ ಆ ಮನೆಗೆ ರಾತ್ರಿಯವಳು ಬೇರೆ ಬೇಕು, ಇನ್ನೇನು ಕಸರತ್ತು ಮಾಡಿದರೂ ನಡೆಯುವುದಿಲ್ಲ.

ರಾತ್ರಿಪಾಳಿಯವರು ಮನೆಗೆ ಹೋಗಿ ಅಡುಗೆ ಮಾಡಿ, ಬಟ್ಟೆ ಒಗೆದು, ಹನ್ನೆರಡಕ್ಕೆ ಮಲಗಿದರೆ ಬಿಸಿಲು, ಗದ್ದಲ, ಪಕ್ಕದ ಖೋಲಿಯ ಟಿವಿ. ಬಂದ ತಕ್ಷಣ ತಿಂದು 9:30ರಿಂದ 1:30, ಮತ್ತೆ ಸಂಜೆ 4ರಿಂದ 5:30 ಹೀಗೆ ಎರಡು ಕಂತು ಮಾಡಿಕೊಳ್ಳಿ. ಹಿಂತಿರುಗುವಾಗ ಗಾಡಿಯಲ್ಲಿ ಕಪ್ಪು ಕನ್ನಡಕ ಹಾಕಿದರೆ ನಗುವವರು ನಗಲಿ, ಬೆಳಕು ಕಣ್ಣಿಗೆ ಬಿದ್ದಷ್ಟೂ ನಿದ್ದೆ ದೂರ. ಕೊನೆಯ ಚಹಾ ಬೆಳಗಿನ 3ಕ್ಕೆ.

ಪಿಂಪ್ರಿ ಫಿಸಿಯೋ
ಮನಸ್ಸು ಸೋಲುವ ಮೊದಲು ಸೊಂಟ ಸೋತಿರುತ್ತದೆ. ನೋವಿನಲ್ಲಿ ಕೆಲಸ ಮಾಡುವವರು ಪೇಷಂಟ್ ಮೇಲೆ ರೇಗುತ್ತಾರೆ, ಆಮೇಲೆ ಅಯ್ಯೋ ಅನ್ನಿಸಿ ಇನ್ನಷ್ಟು ಕುಗ್ಗುತ್ತಾರೆ.

ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಸ್ಥೆ ನಿಯೋಶ್ ಪೇಷಂಟನ್ನು ಕೈಯಿಂದ ಎತ್ತಲು ಇಟ್ಟ ಮಿತಿ 35 ಪೌಂಡ್, ಅಂದಾಜು 16 ಕಿಲೋ. ಅದೂ ಅನುಕೂಲಕರ ಸ್ಥಿತಿಯಲ್ಲಿ. 60 ಕಿಲೋ ತೂಕದವರ ಒಂದು ಕಾಲೇ ಹತ್ತು ಕಿಲೋ ಹತ್ತಿರ. ಅಂದರೆ ಇಡೀ ದೇಹವನ್ನು ಒಬ್ಬರು ಎತ್ತುವುದು ಎಂಬ ಮಾತೇ ಇಲ್ಲ. ಎತ್ತಬೇಡಿ, ಜಾರಿಸಿ, ಉರುಳಿಸಿ.

ನಮ್ಮ ಫ್ಲಾಟುಗಳಲ್ಲಿ ದೊಡ್ಡ ಖಳನಾಯಕ ಬಾಕ್ಸ್ ಬೆಡ್. ಒಂದು ಬದಿ ಗೋಡೆಗೆ ಅಂಟಿದೆ, ಎತ್ತರ ಮೊಣಕಾಲಿನಷ್ಟು. ಕೆಲಸ ಮಾಡುವವರ ಸೊಂಟದ ಮಟ್ಟಕ್ಕೆ ಹಾಸಿಗೆ ಬರಬೇಕು. ಕಾಲಿರುವ ಮಂಚವಾದರೆ ನಾಲ್ಕು ಕಾಲಿಗೂ ಗುಂಡಿ ತೋಡಿದ ಮರದ ಬ್ಲಾಕ್ ಕೊಡಿಸಿ, ಇಟ್ಟಿಗೆ ಬೇಡ, ಒಡೆಯುತ್ತದೆ, ಸರಿಯುತ್ತದೆ. ತಿಂಗಳುಗಟ್ಟಲೆಯ ಪೇಷಂಟ್ ಆದರೆ ಎತ್ತರ ಏರಿಳಿಸುವ ಆಸ್ಪತ್ರೆ ಮಂಚ ಬಾಡಿಗೆಗೆ ತನ್ನಿ. ತಲೆ, ಕಾಲು ಮಾತ್ರ ಏಳುವ ಫೌಲರ್ ಮಂಚದಿಂದ ಪೇಷಂಟ್‌ಗೆ ಸುಖ, ಆಯಾಗೆ ಅರ್ಧ ಸುಖ. ಬಾಡಿಗೆ ಅಂಗಡಿಯಲ್ಲಿ ಎತ್ತರದ ಹ್ಯಾಂಡಲ್ ಇದೆಯೇ ಎಂದು ಕೇಳಿ. ಮತ್ತು ಗೋಡೆಯಿಂದ ಎರಡಡಿ ಬಿಟ್ಟು ಇಡಿ, ಎರಡೂ ಬದಿಯಿಂದ ಕೈ ಹೋಗಬೇಕು.

ಮಗ್ಗುಲು ಮಾಡುವಾಗ ಪೇಷಂಟನ್ನು ನಿಮ್ಮ ಕಡೆಗೆ ಉರುಳಿಸಿ. ಆಚೆ ಬದಿಯ ಮೊಣಕಾಲು ಮಡಿಸಿ, ಆಚೆಯ ಕೈ ಎದೆ ಮೇಲೆ, ಒಂದು ಕೈ ಭುಜಕ್ಕೆ, ಇನ್ನೊಂದು ಸೊಂಟಕ್ಕೆ. ನಿಮ್ಮ ಒಂದು ಪಾದ ಮುಂದೆ, ಒಂದು ಹಿಂದೆ, ತೂಕವನ್ನು ಮುಂಗಾಲಿನಿಂದ ಹಿಂಗಾಲಿಗೆ ತನ್ನಿ. ಬೆನ್ನು ಬಗ್ಗಿಸಿ ತೋಳಿನಿಂದ ಎಳೆದರೆ ಹದಿನೈದು ದಿನದಲ್ಲಿ ನೋವು ಶುರು.

ಕೆಳಗೆ ಜಾರಿದವರನ್ನು ಮೇಲೆ ತರುವುದು ಇಬ್ಬರ ಕೆಲಸ. ಪೇಷಂಟ್ ಕೆಳಗೆ ಭುಜದಿಂದ ತೊಡೆಯ ತನಕ ಬರುವ ಅಡ್ಡ ಬಟ್ಟೆ, ಅಂದರೆ ಡ್ರಾ ಶೀಟ್ ಹಾಸಿ, ಅಂಚನ್ನು ಸುರುಳಿ ಸುತ್ತಿ ದೇಹದ ಹತ್ತಿರ ಹಿಡಿಯಿರಿ, ಮಂಚ ಸಪಾಟು ಮಾಡಿ, ಪೇಷಂಟ್ ಗದ್ದ ಎದೆಗೆ, ಮೊಣಕಾಲು ಮಡಿಸಿ, ಮೂರು ಎಣಿಸಿ ಜಾರಿಸಿ. ಜಾರಿಸಲೆಂದೇ ಬರುವ ನುಣುಪು ಸ್ಲೈಡ್ ಶೀಟ್ ಇಲ್ಲವೆಂದರೆ ದೊಡ್ಡ ಕಸದ ಚೀಲ ಎರಡು ಪದರ ಡ್ರಾ ಶೀಟ್ ಕೆಳಗೆ ಹಾಕಿದರೆ ಅರ್ಧ ಶ್ರಮಕ್ಕೆ ಜಾರುತ್ತಾರೆ. ಕೆಲಸ ಮುಗಿದ ಕೂಡಲೇ ಚೀಲ ತೆಗೆಯಬೇಕು, ಇಲ್ಲದಿದ್ದರೆ ಬೆವರು ನಿಲ್ಲುತ್ತದೆ, ಪೇಷಂಟ್ ಮಂಚದಿಂದ ಜಾರುತ್ತಾರೆ. ಟ್ಯೂಬ್ ಫೀಡ್ ಆಗಿ ಒಂದು ಗಂಟೆ ಆಗಿರದಿದ್ದರೆ ಮಂಚ ಸಪಾಟು ಮಾಡುವಂತಿಲ್ಲ, ಅದನ್ನು ಮರೆಯಬೇಡಿ.

ಕುರ್ಚಿಗೆ ಕೂರಿಸುವಾಗ ವೀಲ್‌ಚೇರ್ ಪೇಷಂಟ್‌ನ ಗಟ್ಟಿ ಬದಿಗೆ, ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ಮಡಚಿ. ಪಾದ ನೆಲಕ್ಕೆ ಊರಿದ ಮೇಲೆ "ಮುಂದೆ ಬಾಗಿ, ಮೂಗು ಕಾಲ್ಬೆರಳ ಮೇಲೆ ಬರಲಿ" ಅನ್ನಿ. ಎದ್ದೇಳುವುದು ಅವರ ಕೆಲಸ, ನಡು ಹಿಡಿದು ದಾರಿ ತೋರುವುದಷ್ಟೇ ನಿಮ್ಮದು. ಕಂಕುಳಲ್ಲಿ ಕೈ ಹಾಕಿ ಎಳೆಯುವುದರಿಂದ ಲಕ್ವಾ ಆದ ಭುಜ ಕೀಲು ತಪ್ಪುತ್ತದೆ.

ಸೊಂಟನೋವಿನ ಜೊತೆ ಕಾಲಿಗೆ ಶಕ್ತಿ ಇಲ್ಲದಾಗುವುದು, ಗುದದ್ವಾರದ ಸುತ್ತ ಮರಗಟ್ಟುವುದು, ಮೂತ್ರ ಹಿಡಿತ ತಪ್ಪುವುದು ಕಂಡರೆ ಅಂದೇ ಆಸ್ಪತ್ರೆ. ಮಾಲೀಸು, ಪಟ್ಟಿ ಯಾವುದೂ ಬೇಡ.

ಹಡಪ್ಸರ್ ವಾರ್ಡ್‌ಬಾಯ್
ಫಿಸಿಯೋ ಸರ್, ಇಬ್ರು ಬೇಕು ಅಂತೀರಿ, ಮನಿಯಾಗ ಮಧ್ಯಾಹ್ನ ಬರೇ ಒಬ್ಬಾಂವ ಇರ್ತಾನ. ಅಜ್ಜಾರು ಬಿದ್ರ?

ಪಿಂಪ್ರಿ ಫಿಸಿಯೋ
ಒಬ್ಬನೇ ಎತ್ತಬಾರದು. ದಿಂಬು ಕೊಟ್ಟು ಅಲ್ಲೇ ಮಲಗಿಸಿ, ತಲೆಗೆ ಪೆಟ್ಟು, ಸೊಂಟ, ತೊಡೆ ನೋವು, ಒಂದು ಕಾಲು ಗಿಡ್ಡವಾಗಿ ಹೊರಗೆ ತಿರುಗಿರುವುದು ನೋಡಿ. ಇದ್ದರೆ ಕದಲಿಸದೆ 108ಕ್ಕೆ ಫೋನ್. ಇಲ್ಲದಿದ್ದರೆ, ಪೇಷಂಟ್‌ಗೆ ತ್ರಾಣ ಇದ್ದರೆ, ಮಗ್ಗುಲಾಗಿಸಿ, ಮಂಡಿಯೂರಿಸಿ, ಮುಂದೆ ಒಂದು ಗಟ್ಟಿ ಕುರ್ಚಿ ಇಟ್ಟು ಅದರ ಮೇಲೆ ಕೈಯೂರಿ, ಗಟ್ಟಿ ಕಾಲು ಮುಂದಿಟ್ಟು ಏಳಲು ಹೇಳಿ, ಹಿಂದಿನಿಂದ ಎರಡನೇ ಕುರ್ಚಿ ಒತ್ತಿ. ತ್ರಾಣವಿಲ್ಲದಿದ್ದರೆ ಸೊಸೈಟಿಯ ವಾಚ್‌ಮನ್, ಪಕ್ಕದ ಮನೆಯವರು. ಅವರ ನಂಬರು ಮೊದಲ ದಿನವೇ ಫ್ರಿಜ್ ಮೇಲೆ ಅಂಟಿಸಿ.

ವಾಸ್ಕೋ ಅಕ್ಕ
ಗೋವಾದ ಕಷ್ಟ ಬೇರೆ. ಮಕ್ಕಳು ಪರದೇಶದಲ್ಲಿ, ದೊಡ್ಡ ಹಳೇ ಮನೆ, ಒಳಗೆ ಒಬ್ಬ ಅಜ್ಜಿ, ಒಬ್ಬ ಆಯಾ. ಅಜ್ಜಿಗೆ ಕೊಂಕಣಿ, ಪೋರ್ಚುಗೀಸ್. ಆಯಾಗೆ ಕನ್ನಡ, ಹರಕುಮುರಕು ಹಿಂದಿ. ರಾತ್ರಿ ಎಂಟರ ಮೇಲೆ ಒಳಹಳ್ಳಿಗೆ ಬಸ್ಸು ಸಿಗುವುದು ಕಷ್ಟ, ದಿವಾಡಿಯಂಥ ದ್ವೀಪವಾದರೆ ಫೆರ್ರಿ ಬೇರೆ. ಅಲ್ಲಿ ಜನರ ಮುಖ ಕಾಣದೆ ಒಣಗಿಹೋಗುತ್ತಾರೆ. ಇಂಥ ಮನೆಗೆ ಕಳುಹಿಸುವವರು ದಿನಕ್ಕೊಂದು ನಿಗದಿತ ಫೋನ್ ಇಟ್ಟುಕೊಳ್ಳಿ, ಸಂಜೆ ಐದಕ್ಕೆ ಅಂತಿಟ್ಟರೆ ಐದಕ್ಕೇ. "ಪೇಷಂಟ್ ಹೇಗಿದ್ದಾರೆ" ಅಂತ ಶುರು ಮಾಡಬಾರದು, "ನೀ ಉಂಡ್ಯಾ" ಅಂತ ಕೇಳಿ.

ಡಿಮೆನ್ಷಿಯಾದವರು ಬೈಯುತ್ತಾರೆ, ಹೊಡೆಯುತ್ತಾರೆ, ಕಳ್ಳಿ ಅನ್ನುತ್ತಾರೆ. ತರಬೇತಿಯಲ್ಲಿ "ಮನಸ್ಸಿಗೆ ಹಚ್ಚಿಕೋಬೇಡಿ" ಅಂತ ಹೇಳಿ ಕೈತೊಳೆದುಕೊಳ್ಳುತ್ತಾರೆ. ಮಾಡಬೇಕಾದ್ದು ಇದು: ವಾದ ಬೇಡ. ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲ ಬಳಿ ನಿಂತು ಐದು ನಿಮಿಷ ಬಿಡಿ, ಬೀಳುವ ಅಪಾಯ ಇಲ್ಲ ಅಂತ ನೋಡಿಕೊಂಡು. ಆಮೇಲೆ ಪರೀಕ್ಷಿಸಿ: ಒದ್ದೆ ಡೈಪರ್, ಮೂರು ದಿನದಿಂದ ಮಲಬದ್ಧತೆ, ಹಲ್ಲುನೋವು, ಹಸಿವು, ಕೋಣೆ ಕತ್ತಲೆ. ಸಂಜೆ ನಾಲ್ಕೂವರೆಗೇ ದೀಪ ಹಾಕಿದರೆ ಮುಸ್ಸಂಜೆಯ ರಂಪ ಕಡಿಮೆ. ಸ್ನಾನಕ್ಕೆ ಹಠ ಮಾಡಿದರೆ ಪೂರಾ ಬೆತ್ತಲೆ ಮಾಡದೆ ಮೇಲೊಂದು ಟವೆಲ್ ಹೊದಿಸಿ, ಕೈಕಾಲಿನಿಂದ ಶುರು ಮಾಡಿ, ಮುಖ ಕೊನೆಗೆ. ಒಂದೆರಡು ದಿನದಲ್ಲೇ ಸ್ವಭಾವ ಪೂರ್ತಿ ಬದಲಾದರೆ ಅದು ಮರೆವಿನ ಕಾಯಿಲೆಯಲ್ಲ. ಮೂತ್ರದ ಸೋಂಕು, ಸೋಡಿಯಂ ಇಳಿತ, ಹೊಸ ಮಾತ್ರೆ ಇರಬಹುದು, ಡಾಕ್ಟರಿಗೆ ಹೇಳಿ. ಕಾರಣ ಸಿಕ್ಕಿದರೆ ಆಯಾಳ ಎದೆ ಭಾರವೂ ಇಳಿಯುತ್ತದೆ, "ನನ್ನ ಮೇಲೆ ಯಾಕೆ ದ್ವೇಷ" ಅನ್ನುವುದು ನಿಲ್ಲುತ್ತದೆ.

ಪೇಷಂಟ್ ಮಗನೋ ಮನೆಯ ಗಂಡಸೋ ಮೈಮುಟ್ಟಿದರೆ ಅದು ಬೇರೆಯೇ ವಿಷಯ. ಕಾನೂನು ಗೊತ್ತಿದ್ದವರು ಹೇಳಲಿ.

ಠಾಣೆ ಕಾಯ್ದೆ
2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಮನೆಯೂ ಕೆಲಸದ ಜಾಗವೇ. ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆಗೆ, ಮನೆಗೆಲಸದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಮೂರು ತಿಂಗಳೊಳಗೆ ಲಿಖಿತ ದೂರು. ಬರೆಯಲು ಬಾರದಿದ್ದರೆ ಬರೆಯಲು ನೆರವಾಗುವುದು ಸಮಿತಿಯ ಹೊಣೆ. ಪೊಲೀಸ್ ದೂರು ಬೇರೆ ದಾರಿ, ಎರಡೂ ಮಾಡಬಹುದು.

ಇಎಸ್‌ಐ (ನೌಕರರ ರಾಜ್ಯ ವಿಮೆ) ಬಗ್ಗೆ ಯಾರೂ ಎತ್ತಲಿಲ್ಲ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆ, ತಿಂಗಳಿಗೆ ₹21,000ದ ಒಳಗಿನ ಪಗಾರ ಇದ್ದರೆ ಅದು ಅನ್ವಯ. ನೌಕರರಿಂದ 0.75%, ಮಾಲೀಕರಿಂದ 3.25%. ₹18,000 ಪಗಾರಕ್ಕೆ ಹುಡುಗಿಯ ಪಾಲು ₹135. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ತುಂಬಿದ್ದರೆ ಕಾಯಿಲೆಗೆ ವರ್ಷಕ್ಕೆ 91 ದಿನದ ತನಕ ಪಗಾರದ 70% ಸಿಗುತ್ತದೆ. ರಜೆ ಹಾಕಿದರೆ ಪಗಾರ ಇಲ್ಲ ಎಂದು ಜ್ವರದಲ್ಲೇ ದುಡಿಯುವವರಿಗೆ ಇದಕ್ಕಿಂತ ದೊಡ್ಡ ಮದ್ದಿಲ್ಲ.

ತೊಡಕು ಎಲ್ಲಿ? ಅನೇಕ ಬ್ಯೂರೋಗಳು "ನಾವು ಬರೀ ಪರಿಚಯ ಮಾಡಿಸುವವರು, ಇವರು ಸ್ವಂತ ಕೆಲಸಗಾರರು" ಅಂತ ಕಾಗದದಲ್ಲಿ ಬರೆಸಿಕೊಳ್ಳುತ್ತವೆ. ಸಹಿ ಹಾಕುವ ಮುನ್ನ ಆ ಸಾಲು ಓದಿ. ಹಾಜರಿ ಯಾರು ಇಡುತ್ತಾರೆ, ಪಗಾರ ಯಾರ ಖಾತೆಯಿಂದ ಬರುತ್ತದೆ, ಮನೆ ಬದಲಿಸುವುದು ಯಾರು ಎಂಬ ಮೂರಕ್ಕೂ ಬ್ಯೂರೋ ಎಂದೇ ಉತ್ತರವಾದರೆ ಕಾಗದದ ಮಾತಿಗೆ ಬಲ ಕಡಿಮೆ. ಪಗಾರ ಬ್ಯಾಂಕಿಗೇ ಹಾಕಿಸಿಕೊಳ್ಳಿ, ಹಾಜರಿ ಪುಟದ ಫೋಟೋ ತಿಂಗಳಿಗೊಮ್ಮೆ ತೆಗೆದಿಡಿ. ಇಎಸ್‌ಐ, ಪಿಎಫ್ ಯಾವುದೂ ಇಲ್ಲದವರು, 16ರಿಂದ 59 ವಯಸ್ಸಿನವರು ಅಸಂಘಟಿತ ಕೆಲಸಗಾರರ ಸರ್ಕಾರಿ ನೋಂದಣಿಯಾದ ಇ-ಶ್ರಮ್‌ನಲ್ಲಿ ಹೆಸರು ಹಚ್ಚಿ. ಬ್ಯಾಂಕಿನಲ್ಲಿ ವರ್ಷಕ್ಕೆ ₹20ರ ಸುರಕ್ಷಾ ಬಿಮಾ ಮಾಡಿಸಿದರೆ ಅಪಘಾತದ ಸಾವಿಗೆ ₹2 ಲಕ್ಷ. ಲೋಕಲ್ ಗಾಡಿಯಲ್ಲಿ ದಿನಾ ಜೋತುಬೀಳುವವರಿಗೆ ಅದು ಬೇಕೇ ಬೇಕು.

ಡೊಂಬಿವಲಿ ಬ್ಯೂರೋ
ಕಾಯ್ದೆಯವರೇ, ಎಲ್ಲ ಬ್ಯೂರೋ ಒಂದೇ ತಕ್ಕಡಿಗೆ ಹಾಕಬೇಡಿ. ಇಎಸ್‌ಐ ಸೇರಿಸಿ ರೇಟು ಹೇಳಿದರೆ ಮನೆಯವರು ಪಕ್ಕದ ಬೀದಿಯ ಬ್ಯೂರೋಗೆ ಹೋಗುತ್ತಾರೆ. ಹೋಗಲಿ, ಬಿಲ್ಲಿನಲ್ಲಿ ಪಗಾರ, ಕಮಿಷನ್, ಇಎಸ್‌ಐ ಮೂರನ್ನೂ ಬೇರೆ ಬೇರೆ ಬರೆದು ತೋರಿಸಿದರೆ ಒಪ್ಪುವವರೂ ಇದ್ದಾರೆ. ಒಟ್ಟು ಮೊತ್ತ ಮಾತ್ರ ಬರೆದರೆ ಎಲ್ಲವೂ ಬ್ಯೂರೋ ಹೊಟ್ಟೆಗೆ ಅಂತಲೇ ತಿಳಿಯುತ್ತಾರೆ.

ಗೋರೆಗಾಂವ್ ಜಿಎನ್‌ಎಂ
ಎರಡು ಬಿಟ್ಟುಹೋದವು. ಒಂದು ಸೂಜಿ ಚುಚ್ಚುವುದು. ದಣಿದ ಕೈಯಲ್ಲೇ ಹೆಚ್ಚು, ಬಳಸಿದ ಸೂಜಿಗೆ ಕ್ಯಾಪ್ ಹಾಕಲು ಹೋದಾಗಲೇ ಹೆಚ್ಚು. ಕ್ಯಾಪ್ ಹಾಕಬೇಡಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಚುಚ್ಚಿದರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆಯಿರಿ, ಎಚ್‌ಐವಿ ತಡೆಯ ಮಾತ್ರೆ ಬೇಕೋ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಆದಷ್ಟು ಬೇಗ ಕೇಳಿ, 72 ಗಂಟೆ ದಾಟಬಾರದು, ಶುರುವಾದರೆ 28 ದಿನ. ಹೆಪಟೈಟಿಸ್ ಬಿ ಲಸಿಕೆ ಮೊದಲೇ ಆಗಿರಬೇಕು: ಇಂದು, ತಿಂಗಳ ನಂತರ, ಆರು ತಿಂಗಳಿಗೆ. ಹೇಳಿದರೆ ಕೆಲಸ ಹೋಗುತ್ತದೆಂದು ಮುಚ್ಚಿಡುವವರು ರಾತ್ರಿ ನಿದ್ದೆ ಬಿಡುತ್ತಾರೆ, ಅದೂ ಬರ್ನ್‌ಔಟಿನ ಖಾತೆಗೇ ಜಮೆ.

ಇನ್ನೊಂದು ಪೇಷಂಟ್ ಸಾವು. ಎರಡು ವರ್ಷ ಬಾಯಿಗೆ ತುತ್ತಿಟ್ಟವಳನ್ನು ಮರುದಿನವೇ "ಐರೋಲಿಯಲ್ಲಿ ಡ್ಯೂಟಿ ಇದೆ" ಅಂತ ಕಳುಹಿಸುತ್ತಾರೆ. ಕೊನೆಯ ಮೈತೊಳೆಯುವಿಕೆ ಮಾಡಿದ್ದು ಅವಳೇ, ಹದಿಮೂರನೇ ದಿನಕ್ಕೆ ಕರೆಯದಿರುವುದೂ ಅವಳನ್ನೇ. ಬ್ಯೂರೋ ಎರಡು, ಮೂರು ದಿನ ಬಿಡುವು ಕೊಡಲಿ, ಮುಂದಿನ ಡ್ಯೂಟಿ ಸಾಯುವ ಸ್ಥಿತಿಯ ಪೇಷಂಟ್ ಬದಲು ಮೂಳೆ ಮುರಿದು ಚೇತರಿಸಿಕೊಳ್ಳುತ್ತಿರುವವರ ಮನೆ ಆಗಿರಲಿ. ನಡೆಯಲು ಶುರು ಮಾಡಿದ ಪೇಷಂಟನ್ನು ಕಂಡರೆ ಕೆಲಸದ ಮೇಲಿನ ನಂಬಿಕೆ ವಾಪಸು ಬರುತ್ತದೆ. ಮನೆಯವರೇ, ಹದಿಮೂರಕ್ಕೆ ಅವಳಿಗೂ ಒಂದು ಎಲೆ ಹಾಕಿ.

ಮುಲುಂಡ್ ಸೊಸೆ
ಹಾಕುತ್ತೇವೆ. ನಾನೂ ಒಂದು ಸೇರಿಸಬೇಕು, ಇದು ಮನೆಯವರ ತಪ್ಪು. ವಾಟ್ಸ್‌ಆ್ಯಪ್‌ನಲ್ಲಿ "ಅಮ್ಮನ ಆರೈಕೆ" ಗ್ರೂಪ್ ಮಾಡಿ ಐದು ಮಕ್ಕಳು, ಅಳಿಯ, ಸೊಸೆ ಎಲ್ಲ ಸೇರಿ ಆಯಾಳನ್ನೂ ಹಾಕುತ್ತಾರೆ. ಒಬ್ಬರು ಎಳನೀರು ಕೊಡು, ಇನ್ನೊಬ್ಬರು ಪೊಟ್ಯಾಸಿಯಂ ಇದೆ ಕೊಡಬೇಡ. ರಾತ್ರಿ ಹನ್ನೊಂದಕ್ಕೆ ಅಮೆರಿಕದಿಂದ ವಿಡಿಯೋ ಕಾಲ್, ಅಮ್ಮನನ್ನು ಎಬ್ಬಿಸು. ಮೇಲೆ ಕೋಣೆಯಲ್ಲಿ ಕ್ಯಾಮೆರಾ. ಆಜ್ಞೆ ಕೊಡುವವರು ಒಬ್ಬರೇ ಇರಬೇಕು, ಉಳಿದವರು ಅವರಿಗೆ ಹೇಳಲಿ. ವಿಡಿಯೋ ಕಾಲ್ ಸಂಜೆ 6ರಿಂದ 7. ಕ್ಯಾಮೆರಾ ಇದ್ದರೆ ಮೊದಲೇ ಹೇಳಿ, ಅವಳು ಬಟ್ಟೆ ಬದಲಿಸುವ, ಮಲಗುವ ಜಾಗಕ್ಕೆ ಬೇಡ.

ಕೊನೆಗೆ ನೋಟ್‌ಬುಕ್ ಕೇಳುತ್ತೇನೆ. ಪಾಳಿ ಬದಲಾಗುವಾಗ ಇಬ್ಬರು ಆಯಾಗಳಿಗೆ ಬಾಗಿಲಲ್ಲೇ ಜಗಳ, "ನೀ ಡೈಪರ್ ಬದಲಿಸಿಲ್ಲ" ಅಂತ. ಅದಕ್ಕೇನು ಬರೆಯಬೇಕು?

ಗೋರೆಗಾಂವ್ ಜಿಎನ್‌ಎಂ
200 ಪುಟದ ಲಾಂಗ್ ಬುಕ್, ದಿನಕ್ಕೆ ಒಂದು ಪುಟ, ನಡುವೆ ಗೆರೆ, ಎಡಕ್ಕೆ ಹಗಲು, ಬಲಕ್ಕೆ ರಾತ್ರಿ. ಸಮಯ, ಫೀಡ್ ಎಷ್ಟು ಎಂ.ಎಲ್., ಮೂತ್ರ, ಮಲ, ಬಿಪಿ, ಸಕ್ಕರೆ, ಚರ್ಮದಲ್ಲಿ ಕೆಂಪು ಎಲ್ಲಿ. ಇವೆಲ್ಲ ಎಲ್ಲರೂ ಬರೆಯುತ್ತಾರೆ. ಹೆಚ್ಚಿನವರು ಬಿಡುವ ಒಂದು ಕಾಲಂ ಇದೆ: "ಮಾಡಲಾಗಲಿಲ್ಲ, ಯಾಕೆ." ಸ್ನಾನ ಆಗಲಿಲ್ಲ, ಅಜ್ಜಿ ಒಪ್ಪಲಿಲ್ಲ. ಎರಡರ ಡೈಪರ್ ಆಗಲಿಲ್ಲ, ಸ್ಟಾಕ್ ಮುಗಿದಿತ್ತು. ಆ ಕಾಲಂ ಇದ್ದರೆ ಸುಳ್ಳು ಬಿಪಿ ಬರೆಯುವ ಅಗತ್ಯ ಬೀಳುವುದಿಲ್ಲ, ಜಗಳಕ್ಕೂ ವಸ್ತು ಸಿಗುವುದಿಲ್ಲ. ಬಂದವಳು, ಹೊರಟವಳು ಇಬ್ಬರೂ ಪೇಷಂಟ್ ಎದುರು ನಿಂತು ಮಗ್ಗುಲು ಮಾಡಿ, ಬೆನ್ನು ನೋಡಿ, ಡೈಪರ್ ನೋಡಿ, ಕ್ಯಾಥೆಟರ್ (ಮೂತ್ರದ ನಳಿಕೆ) ಚೀಲ ಖಾಲಿ ಮಾಡಿ, ಇಬ್ಬರೂ ಸಹಿ. ಆ ಹತ್ತು ನಿಮಿಷ ಡ್ಯೂಟಿಯ ಲೆಕ್ಕದಲ್ಲಿ ಬರಬೇಕು. ಬಂದವಳು 7:50ಕ್ಕೆ ಬಂದರೆ ಆ ಹತ್ತು ನಿಮಿಷದ ದುಡ್ಡು ಯಾರು ಕೊಡುತ್ತಾರೆ, ಬ್ಯೂರೋ ಅಣ್ಣ?

ಡೊಂಬಿವಲಿ ಬ್ಯೂರೋ
ದಿನಕ್ಕೆ ಹತ್ತು ನಿಮಿಷ, 26 ದಿನಕ್ಕೆ 260 ನಿಮಿಷ. ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಗಂಟೆಗೆ ₹75ರಂತೆ ₹325. ಮುಂದಿನ ತಿಂಗಳ ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರುತ್ತದೆ. ಸೊಸೆಯವರು ಬೇಡ ಅನ್ನದಿದ್ದರೆ.

ಮುಲುಂಡ್ ಸೊಸೆ
ಅನ್ನುವುದಿಲ್ಲ. ಹಾಗೇ ಆ ಆರು ಮನೆಯ ಬದಲಿ ಪಟ್ಟಿ ಮುಲುಂಡ್, ಭಾಂಡುಪ್ ಕಡೆಗೆ ಮಾಡುವುದಿದ್ದರೆ ನಮ್ಮದನ್ನೂ ಬರೆದುಕೊಳ್ಳಿ. ಬುಧವಾರ.